ಮೂವರಿಗೆ ಒಂಬತ್ತು ಲೀಟರ್ ಸಾಸ್

ಮನುಷ್ಯನಿಗೆ ಅಹಂಕಾರ ಎಲ್ಲಿಂದ ಬೇಕಾದರೂ ಬರಬಹುದು. ನನಗೆ ಬಂದದ್ದು ಟೊಮೆಟೊದಿಂದ.

ಅಂದು ಶನಿವಾರ ಸಂಜೆ. ನನ್ನ ಹೆಂಡತಿ ಕೈಚೀಲ ಹಿಡಿದು ಅಂಗಡಿಗೆ ಹೊರಟಿದ್ದಳು. ಒಂದು ಕಾಲು ಚಪ್ಪಲಿಯೊಳಗೆ ಹೋಗಿತ್ತು, ಇನ್ನೊಂದು ಹೋಗುವುದರಲ್ಲಿತ್ತು. ಪಟ್ಟಿಯಲ್ಲಿ ‘ಪಾಸ್ತಾ ಒಂದು ಪೊಟ್ಟಣ, ಟೊಮೆಟೊ ಸಾಸ್ ಒಂದು ಬಾಟಲಿ’ ಎಂದು ಬರೆದಿತ್ತು.

"ಸಾಸಿಗೆ ಬಾಟಲಿ ಯಾಕೆ? ಟೊಮೆಟೊ ತಗೊಂಡು ಬಾ, ನಾನು ಮಾಡ್ತೀನಿ," ಎಂದೆ.

ಚಪ್ಪಲಿಗೆ ಹೋಗುತ್ತಿದ್ದ ಕಾಲು ಗಾಳಿಯಲ್ಲೇ ನಿಂತಿತು. "ನೀವಾ?"

"ಹೌದು, ನಾನೇ."

"ಹೋದ ವರ್ಷ ಹಾಲು ಕಾಯಿಸಿದ್ದು ನೆನಪಿದೆಯಾ?"

"ಅದು ಹಾಲಿನ ತಪ್ಪು."

ನನ್ನ ಧೈರ್ಯಕ್ಕೆ ಕಾರಣವಿತ್ತು. ನಾನು ಬಣ್ಣದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಬಣ್ಣ ಕೂಡಿಸುವ ಕೆಲಸ ಮಾಡುತ್ತಿದ್ದೇನೆ. ಗಿರಾಕಿ ಒಂದು ಚೂರು ಪರದೆ ಬಟ್ಟೆಯನ್ನೋ ಹಳೆಯ ಸೈಕಲ್ಲಿನ ಮಡ್‌ಗಾರ್ಡನ್ನೋ ತಂದು, ‘ನನಗೆ ಇದೇ ಬಣ್ಣ ಬೇಕು’ ಎಂದರೆ, ಅದಕ್ಕೆ ಎಷ್ಟು ಕೆಂಪು, ಎಷ್ಟು ಹಳದಿ, ಎಷ್ಟು ಕಪ್ಪು ಎಂದು ಕಣ್ಣಳತೆಯಲ್ಲೇ ಹೇಳಬಲ್ಲೆ. ಬರೀ ‘ಕೆಂಪು’ ಎಂದು ಹೇಳಿ ಸುಮ್ಮನಾಗುವವರನ್ನು ಕಂಡರೆ ನನಗೆ ಕನಿಕರ. ನನ್ನ ಲೆಕ್ಕದಲ್ಲಿ ಕೆಂಪು ಅರವತ್ತಮೂರು ಬಗೆ.

ಈ ಮಾತನ್ನು ಅವತ್ತೂ ಹೇಳಿದೆ. ನನ್ನ ಹೆಂಡತಿ ಇರುವುದು ಆಸ್ಪತ್ರೆಯ ರಕ್ತನಿಧಿಯಲ್ಲಿ.

"ನನ್ನ ಲೆಕ್ಕದಲ್ಲಿ ಎಂಟೇ ಬಗೆ," ಎಂದಳು. "ಕಂಡಹಾಗೆ ಬೆರೆಸಿದ್ರೆ ಜನ ಸಾಯ್ತಾರೆ. ನೀವೂ ನೋಡ್ಕೊಂಡು ಬೆರೆಸಿ." ಹೀಗೆ ಹೇಳಿ ಎರಡನೇ ಚಪ್ಪಲಿಯನ್ನೂ ಮೆಟ್ಟಿಕೊಂಡು ಹೋದಳು.

ಇಷ್ಟಕ್ಕೂ ಈ ಸಾಸ್ ಯಾರಿಗೆ ಎಂದರೆ, ನಮ್ಮ ಅತ್ತೆಗೆ. ಅವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿ ಒಂದು ವಾರವಾಗಿತ್ತು. ಆ ವಾರವನ್ನು ಮಗನ ಮನೆಯಲ್ಲಿ ಗಂಜಿ ಕುಡಿದು ಕಳೆದಿದ್ದ ಅವರು, ಭಾನುವಾರ ನಮ್ಮ ಮನೆಗೆ ಬರುವವರಿದ್ದರು. ಏನು ಮಾಡಲಿ ಎಂದು ಮಗಳು ಫೋನಿನಲ್ಲಿ ಕೇಳಿದಾಗ, "ಆ ಕೊಳವೆ ಕೊಳವೆ ಇರುತ್ತಲ್ಲ, ಮೇಲೆ ಕೆಂಪಗೆ ಸಾಸ್ ಹಾಕಿರ್ತಾರಲ್ಲ, ಅದು ಮಾಡು," ಎಂದಿದ್ದರು.

ಕೆಂಪಗೆ. ಈ ಒಂದು ಪದ ನನ್ನ ಕಿವಿಗೆ ಬಿದ್ದದ್ದೇ ತಪ್ಪಾಯಿತು.

ಅತ್ತೆ ದಾದಿಯರ ಹಾಸ್ಟೆಲಿನಲ್ಲಿ ಮೂವತ್ತು ವರ್ಷ ಅಡುಗೆಮನೆಯ ಉಸ್ತುವಾರಿ ನೋಡಿಕೊಂಡವರು. ಬಾಯಲ್ಲಿ ಕೆಟ್ಟ ಮಾತಿಲ್ಲ. ಆದರೆ ಮದುವೆಯಾದ ಹದಿನಾಲ್ಕು ವರ್ಷದಿಂದ ನನ್ನ ಬಗ್ಗೆ ಒಂದೇ ವಾಕ್ಯ ಹೇಳುತ್ತ ಬಂದಿದ್ದಾರೆ. "ಅಳಿಯಂದಿರು ಒಳ್ಳೆಯವರೇ, ಆದರೆ..." ಅಷ್ಟೇ. ಆ ‘ಆದರೆ’ಯ ಮುಂದೆ ಏನಿದೆ ಎಂದು ಯಾರಿಗೂ ಗೊತ್ತಿಲ್ಲ. ಹದಿನಾಲ್ಕು ವರ್ಷದಿಂದ ನಾನು ಆ ಪದದ ತುದಿಯಲ್ಲಿ ಒದ್ದೆ ಬಟ್ಟೆಯ ಹಾಗೆ ನೇತಾಡುತ್ತಿದ್ದೇನೆ. ಒಂದು ತಟ್ಟೆ ಕೆಂಪು ಸಾಸಿನಿಂದ ಆ ವಾಕ್ಯಕ್ಕೆ ಪೂರ್ಣವಿರಾಮ ಹಾಕಿಸಿಬಿಡಬೇಕೆಂದು ನಿಶ್ಚಯಿಸಿದೆ.

ಭಾನುವಾರ ಹೆಂಡತಿಗೆ ಬೆಳಗಿನ ಪಾಳಿ. ಅದು ಮುಗಿದ ಮೇಲೆ ಅಣ್ಣನ ಮನೆಗೆ ಹೋಗಿ ಅಮ್ಮನನ್ನು ಕರೆದುಕೊಂಡು ಒಂದು ಗಂಟೆಗೆ ಬರುವುದು ಎಂದಾಗಿತ್ತು. ಅವಳು ಒಂದು ಚೀಟಿಯಲ್ಲಿ ವಿಧಾನ ಬರೆದು ಒಲೆಯ ಪಕ್ಕದ ಗೋಡೆಗೆ ಅಂಟಿಸಿದ್ದಳು. ನಾಲ್ಕೇ ಸಾಲು: ಟೊಮೆಟೊವನ್ನು ಬಿಸಿನೀರಲ್ಲಿ ಅದ್ದಿ ಸಿಪ್ಪೆ ತೆಗೆಯಿರಿ. ಎಣ್ಣೆಯಲ್ಲಿ ಬೆಳ್ಳುಳ್ಳಿ ಹುರಿಯಿರಿ. ಟೊಮೆಟೊ ಹಾಕಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಿ. ಬೇರೇನೂ ಮಾಡಬೇಡಿ. ನಾಲ್ಕನೇ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಳು.

ಒಂಬತ್ತು ಗಂಟೆಗೆ ಶುರು ಮಾಡಿದೆ. ಮೊದಲ ಮೂರು ಸಾಲು ದೇವರ ದಯೆಯಿಂದ ಸರಾಗವಾಗಿ ಸಾಗಿದವು. ಹತ್ತು ಗಂಟೆಗೆ ಬಾಣಲೆಯಲ್ಲಿ ಒಂದು ಕಿಲೋ ಟೊಮೆಟೊ ಕರಗಿ, ಅಂದವಾಗಿ ಕುದಿಯುತ್ತಿತ್ತು. ಅಲ್ಲಿಗೆ ಒಲೆ ಆರಿಸಿ ಕೈ ಕಟ್ಟಿ ಕುಳಿತಿದ್ದರೆ ಇವತ್ತು ನನಗೆ ಬರೆಯಲು ಏನೂ ಇರುತ್ತಿರಲಿಲ್ಲ. ಆದರೆ ಅಲ್ಲಲ್ಲಿ ಹೋಳು ಕಾಣುತ್ತಿದ್ದವು. ಬಣ್ಣ ಕೂಡಿಸುವವನಿಗೆ ಗಂಟು ಕಂಡರೆ ಆಗದು. ಎಲ್ಲವನ್ನೂ ಬಿಸಿಬಿಸಿಯಾಗಿಯೇ ಮಿಕ್ಸಿಗೆ ಸುರಿದು ಗುಂಡಿ ತಿರುಗಿಸಿದೆ.

ಬಿಸಿ ಪದಾರ್ಥವನ್ನು ಮುಚ್ಚಿದ ಜಾರಿನಲ್ಲಿ ತಿರುಗಿಸಿದರೆ ಹಬೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ನಮ್ಮ ಅಡುಗೆಮನೆಯ ಸೂರಿನ ಮೇಲಿದೆ. ಮುಚ್ಚಳ ಒಂದು ಕಡೆ, ನಾನು ಒಂದು ಕಡೆ ಹಾರಿದೆವು. ಸ್ವಲ್ಪ ಹೊತ್ತಿನ ಮೇಲೆ ಮೂಗಿನ ತುದಿ ಒರೆಸಿಕೊಂಡು ಜಾರಿನೊಳಗೆ ಇಣುಕಿದೆ. ಕೆಂಪು ಮಾಯವಾಗಿತ್ತು. ಒಳಗಿದ್ದದ್ದು ಮಾಸಿದ ಕಿತ್ತಳೆ ಬಣ್ಣ. ಆಸ್ಪತ್ರೆಯ ಕಾರಿಡಾರಿನ ಗೋಡೆಗಳಿಗೆ ಹೊಡೆಯುತ್ತಾರಲ್ಲ, ಅದು. ಎಣ್ಣೆಯೂ ಗಾಳಿಯೂ ಸೇರಿ ನುರಿದರೆ ಬಣ್ಣ ಬಿಳಿಚಿಕೊಳ್ಳುತ್ತದೆ ಎಂದು ನನಗೆ ಇಪ್ಪತ್ತೆರಡು ವರ್ಷದಿಂದ ಗೊತ್ತಿತ್ತು. ಟೊಮೆಟೊಗೂ ಅದು ಗೊತ್ತಿದೆ ಎಂದು ಗೊತ್ತಿರಲಿಲ್ಲ.

ಗಾಬರಿಯಾಗಲಿಲ್ಲ. ಇದು ನನ್ನ ಕಸುಬು. ಬಿಳಿ ಕಾಗದವನ್ನು ಅಂಗೈ ಅಗಲಕ್ಕೆ ಕತ್ತರಿಸಿ, ಒಂದರ ಮೇಲೆ ಸಾಸ್ ಸವರಿ ‘1’ ಎಂದು ಬರೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಕೆಂಪು ಸಾಲದು. ಕೆಂಪು ಎಲ್ಲಿದೆ? ತರಕಾರಿ ಬುಟ್ಟಿಯಲ್ಲಿ ಒಂದು ಬೀಟ್‌ರೂಟ್ ನನ್ನನ್ನೇ ನೋಡುತ್ತಿತ್ತು.

ಅರ್ಧ ತುರಿದು ಹಾಕಬೇಕಿತ್ತು, ಇಡೀ ತುರಿದೆ. ಎರಡನೇ ಕಾಗದ ನೇರಳೆಗೆ ತಿರುಗಿತು. ನೇರಳೆಯನ್ನು ಇಳಿಸಲು ಹಳದಿ ಬೇಕೆಂದು ಮೂರು ಕ್ಯಾರೆಟ್ ಬೇಯಿಸಿ ರುಬ್ಬಿ ಸೇರಿಸಿದೆ. ಮೂರನೇ ಕಾಗದ ನೋಡಿ ನನಗೇ ಮುಖ ತಿರುಗಿಸಬೇಕೆನಿಸಿತು. ಬಾಣಲೆ ತುಂಬಿದ್ದರಿಂದ ಎಲ್ಲವನ್ನೂ ದೊಡ್ಡ ಪಾತ್ರೆಗೆ ವರ್ಗಾಯಿಸಿದೆ.

ಆ ಹೊತ್ತಿಗೆ ಫೋನ್ ಬಂತು.

"ಆಯ್ತಾ?" ಹೆಂಡತಿಯ ದನಿ.

"ಆಗ್ತಾ ಇದೆ. ಕೊನೇ ಹಂತ."

"ಅರ್ಧ ಗಂಟೆ ಕೆಲಸಕ್ಕೆ ಎರಡು ಗಂಟೆ ಆಯ್ತಲ್ಲ. ರುಚಿ ಹೇಗಿದೆ?"

"ಮೊದಲು ಬಣ್ಣ ಕೂಡ್ಲಿ, ತಾಳು."

"ಬಣ್ಣ ಕೂಡೋದು ಅಂದ್ರೇನು? ಏನ್ರೀ ಮಾಡ್ತಿದ್ದೀರಾ?"

"ಸಿಗ್ನಲ್ ಸರಿಯಿಲ್ಲ," ಎಂದು ಇಟ್ಟುಬಿಟ್ಟೆ. ಇಂಥ ಬಣ್ಣದ ಮಾತಿಗೆಲ್ಲ ಅವಳು ಮರುಳಾಗುವುದಿಲ್ಲ ಎಂದು ಗೊತ್ತಿತ್ತು. ಆದರೆ ಅವಳಿದ್ದದ್ದು ಆರು ಮೈಲಿ ದೂರದಲ್ಲಿ.

ನನಗೆ ಕೆಲಸ ಕಲಿಸಿದ ಹಿರಿಯ ಮೇಸ್ತ್ರಿ ಒಬ್ಬರಿದ್ದರು. ಅವರು ಮೊದಲ ದಿನವೇ ಹೇಳಿದ್ದರು: "ಮೂರು ಸಲಕ್ಕಿಂತ ಹೆಚ್ಚು ತಿದ್ದಬೇಡ. ತಿದ್ದಿದಷ್ಟೂ ಬಣ್ಣ ಹೆಚ್ಚುತ್ತೆ, ಬುದ್ಧಿ ಕಮ್ಮಿ ಆಗುತ್ತೆ." ಕಾರ್ಖಾನೆಯಲ್ಲಿ ನಾನು ಈ ಮಾತು ಮೀರಿದವನಲ್ಲ. ಮನೆಯಲ್ಲಿ ಮೀರಿದೆ. ಮೂಲೆಯ ಅಂಗಡಿಗೆ ಓಡಿ ಎರಡು ಕಿಲೋ ಟೊಮೆಟೊ ಕೇಳಿದೆ.

ಅಂಗಡಿಯಾಕೆ ನನ್ನ ಅಂಗಿಯ ಮೇಲಿದ್ದ ಕಲೆಗಳನ್ನು ನೋಡುತ್ತ ತೂಗಿದರು. "ಮನೇಲಿ ಏನಾದ್ರೂ ಸಮಾರಂಭವಾ?"

"ಇಲ್ಲ, ಅತ್ತೆ ಬರ್ತಾರೆ."

"ಒಬ್ಬರೇನಾ?"

"ಒಬ್ಬರೇ."

ಆಕೆ ಒಂದು ಟೊಮೆಟೊ ಹೆಚ್ಚಿಗೆ ಹಾಕಿಕೊಟ್ಟರು. ಒಂದು ಗಂಟೆಯೊಳಗೆ ನಾನು ಆ ಅಂಗಡಿಗೆ ಮತ್ತೆ ಎರಡು ಸಲ ಹೋದೆ. ಮೂರನೇ ಸಲ ಆಕೆ ನನ್ನನ್ನು ಕಂಡೊಡನೆ ಕೇಳದೆಯೇ ತಕ್ಕಡಿಗೆ ಕೈ ಹಾಕಿದರು.

ನಡುವೆ ನಡೆದದ್ದನ್ನು ಚುಟುಕಾಗಿ ಹೇಳುತ್ತೇನೆ; ವಿವರವಾಗಿ ಹೇಳಲು ನಾಚಿಕೆ. ಐದನೇ ಕಾಗದದ ಹೊತ್ತಿಗೆ ಡಬ್ಬಿಯಲ್ಲಿದ್ದ ಗಟ್ಟಿ ಟೊಮೆಟೊ ಪೇಸ್ಟನ್ನು ಹುರಿದು ಹಾಕಿದೆ, ಇಟ್ಟಿಗೆ ಬಣ್ಣವಾಯಿತು. ಕಾರ್ಖಾನೆಯಲ್ಲಾದರೆ ಗಾಢವಾದದ್ದನ್ನು ತಿಳಿಯಾಗಿಸಲು ಬಿಳಿ ಸೇರಿಸುತ್ತೇವೆ. ಮನೆಯಲ್ಲಿ ಬಿಳಿ ಎಂದರೆ ಹಾಲು. ಸುರಿದೆ. ಹುಳಿಗೆ ಬಿದ್ದ ಹಾಲು ಏನು ಮಾಡಬೇಕೋ ಅದನ್ನೇ ಮಾಡಿತು. ಒಡೆದು ಚೂರು ಚೂರಾದದ್ದನ್ನು ಜರಡಿ ಹಿಡಿಯಲು ಮುಕ್ಕಾಲು ಗಂಟೆ ಹಿಡಿಯಿತು. ಪಾತ್ರೆ ಸಾಲದೆ ಕುಕ್ಕರ್ ಇಳಿಯಿತು, ಕುಕ್ಕರ್ ಸಾಲದೆ ನೀರು ಕಾಯಿಸುವ ಹಂಡೆಯಂಥ ಪಾತ್ರೆ ಅಟ್ಟದಿಂದ ಇಳಿಯಿತು. ಸಾಸಿಗೂ ಸಾಹಸಕ್ಕೂ ನಡುವೆ ಇರುವುದು ಒಂದೇ ಅಕ್ಷರ ಎಂದು ಅವತ್ತು ಮನದಟ್ಟಾಯಿತು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎನ್ನುತ್ತಾರೆ. ನಾನು ಅವರ ಇಡೀ ವಂಶವನ್ನೇ ಮಾಡಿ ಮೂರು ಒಲೆಗಳ ಮೇಲೆ ಇಟ್ಟಿದ್ದೆ.

ಆದರೂ ಒಂದು ಗಂಟೆಗೆ ಹತ್ತು ನಿಮಿಷವಿರುವಾಗ, ಹನ್ನೊಂದನೇ ಕಾಗದವನ್ನು ಕಿಟಕಿಗೆ ಹಿಡಿದವನು ಹಾಗೇ ನಿಂತುಬಿಟ್ಟೆ. ಕೂಡಿ ಬಂದಿತ್ತು. ಮಾಗಿದ ಟೊಮೆಟೊ ಬಿಸಿಲಿಗೆ ಹೊಳೆಯುವಾಗಿನ ಕೆಂಪು. ಇಡೀ ಕಾರ್ಖಾನೆಯಲ್ಲಿ ಅಂಥ ಕೆಂಪನ್ನು ಯಾರೂ ಮಾಡಿದ್ದಿಲ್ಲ. ಕಣ್ಣಲ್ಲಿ ನೀರು ಬಂತು. ಅರ್ಧ ಸಂತೋಷಕ್ಕೆ, ಅರ್ಧ ಹೊಗೆಗೆ.

ಕರೆಗಂಟೆ ಸದ್ದಾಯಿತು. ಬಾಗಿಲು ತೆರೆದೆ. ಹೆಂಡತಿಯ ತೋಳು ಹಿಡಿದು ಅತ್ತೆ ನಿಂತಿದ್ದರು. ಕಣ್ಣಿಗೆ, ಕೆನ್ನೆಯನ್ನೂ ಮುಚ್ಚುವಷ್ಟು ದೊಡ್ಡದಾದ, ಕಡುಗಪ್ಪು ಕನ್ನಡಕ.

"ಬನ್ನಿ ಅತ್ತೆ," ಎಂದೆ. "ಕನ್ನಡಕ ಯಾವಾಗ ತೆಗೀತೀರಿ?"

"ಇನ್ನೂ ಹದಿನೈದು ದಿನ ಹಾಕ್ಕೊಂಡೇ ಇರಬೇಕಂತಪ್ಪ. ಎಲ್ಲಾ ಕಪ್ಪಗೆ ಕಾಣುತ್ತೆ. ನೀವೂ ಕಪ್ಪಗೇ ಕಾಣ್ತಿದ್ದೀರಿ."

ಹೆಂಡತಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು. ಮೊದಲು ಸೂರನ್ನು ನೋಡಿದಳು. ಆಮೇಲೆ ಮೂರು ಪಾತ್ರೆಗಳನ್ನು. ಕೊನೆಗೆ ಫ್ರಿಜ್ಜಿನ ಬಾಗಿಲನ್ನು.

"ಇದೇನ್ರೀ, ಹನ್ನೊಂದು ಜನರ ಸ್ಯಾಂಪಲ್ಲು?"

"ಬಣ್ಣ ನೋಡು. ಬಣ್ಣ ಮಾತ್ರ ನೋಡು."

"ನೋಡಿದೆ. ಪಾಸ್ತಾ ಎಲ್ಲಿ?"

ಪಾಸ್ತಾ ಕಪಾಟಿನಲ್ಲಿತ್ತು. ಪೊಟ್ಟಣ ಒಡೆದಿರಲಿಲ್ಲ. ಒಂಬತ್ತು ಲೀಟರ್ ಸಾಸ್ ಮಾಡಿದವನಿಗೆ, ಆ ಸಾಸ್ ಯಾವುದರ ಮೇಲೆ ಬೀಳಬೇಕೋ ಅದನ್ನು ಬೇಯಿಸಲು ನೆನಪಾಗಿರಲಿಲ್ಲ. ಅವಳು ಒಲೆಯ ಮೇಲೆ ನೀರಿಟ್ಟಳು.

ಅತ್ತೆ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕುಳಿತರು. ಒಲೆಯ ಝಳಕ್ಕೆ ಹೋಗಬಾರದೆಂದು ವೈದ್ಯರು ಹೇಳಿದ್ದರಂತೆ. "ಒಂದು ಚಮಚ ಕೊಡಿ ನೋಡೋಣ," ಎಂದರು.

ಕೊಟ್ಟೆ. ಅವರು ಬಾಯಿಗೆ ಹಾಕಿಕೊಂಡು, ಕಪ್ಪು ಕನ್ನಡಕವನ್ನು ನನ್ನ ಕಡೆ ತಿರುಗಿಸಿದರು. ಆ ಕನ್ನಡಕದ ಹಿಂದೆ ಏನಾಗುತ್ತಿದೆ ಎಂದು ಕಾಣದಿದ್ದದ್ದು ದೊಡ್ಡ ಹಿಂಸೆ.

"ಉಪ್ಪು ಹಾಕಿದ್ದೀರಾ?"

ನಾನು ಹೆಂಡತಿಯನ್ನು ನೋಡಿದೆ. ಹೆಂಡತಿ ಗೋಡೆಯ ಚೀಟಿಯನ್ನು ನೋಡಿದಳು. ಅದರಲ್ಲಿ ಉಪ್ಪು ಇರಲಿಲ್ಲ.

"ಉಪ್ಪು ಹಾಕ್ಬೇಕು ಅಂತ ಬೇರೆ ಬರೀಬೇಕಿತ್ತಾ?" ಎಂದಳು. "ನಾಲ್ಕು ಗಂಟೆ ಹೊತ್ತು ಒಂದು ಸಲಾನೂ ಬಾಯಿಗೆ ಹಾಕ್ಕೊಂಡು ನೋಡ್ಲಿಲ್ವಾ?"

"ಕಿಟಕಿಗೆ ಹಿಡಿದು ನೋಡಿದೆ."

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು," ಎಂದು ಹೆಂಡತಿ ಪಾಸ್ತಾ ನೀರಿಗೆ ಉಪ್ಪನ್ನು ಬೇಕೆಂದೇ ಎತ್ತರದಿಂದ ಸುರಿದಳು. ಅಲ್ಲಿಗೆ ನನ್ನ ಬಣ್ಣ ಪೂರ್ತಿ ಬಯಲಾಯಿತು.

ಅತ್ತೆ ಇನ್ನೊಂದು ಚಮಚ ಚಪ್ಪರಿಸಿದರು. "ಬೀಟ್‌ರೂಟ್ ಇದೆ. ಕ್ಯಾರೆಟ್ಟೂ ಇದೆ. ಹಾಲು ಒಡೆದಿದ್ದೀರಿ. ಒಳ್ಳೇದು, ಹಾಳಾಗಿಲ್ಲ. ಎಷ್ಟಿದೆ?"

"ಒಂಬತ್ತು ಲೀಟರ್ ಅತ್ತೆ," ಎಂದೆ ತಲೆ ತಗ್ಗಿಸಿ.

"ಅಷ್ಟೇನಾ? ನಾನು ನೂರ ಇಪ್ಪತ್ತು ಹುಡುಗೀರಿಗೆ ಮಾಡ್ತಿದ್ದೆ. ಸೌಟು ಹಿಡ್ಕೊಳ್ಳಿ."

ಆಮೇಲಿನ ಅರ್ಧ ಗಂಟೆ ನಾನು ಬರೀ ಎರಡು ಕೈ. ಬುದ್ಧಿ ಎಲ್ಲ ಕುರ್ಚಿಯಲ್ಲಿತ್ತು. ಉಪ್ಪು ಎಷ್ಟು ಎಂದು ಕೇಳಿದರೆ, "ಹಾಕ್ತಾ ಹೋಗಿ, ಸಾಕು ಅಂತೀನಿ," ಎಂದರು. ಬೆಳ್ಳುಳ್ಳಿ ಜಜ್ಜಿ ಬೇರೆ ಎಣ್ಣೆಯಲ್ಲಿ ಹುರಿಸಿದರು. ಘಮ ಮೂಗಿಗೆ ಬಂದೊಡನೆ, "ಈಗ ಇಳಿಸಿ, ಇನ್ನೊಂದು ಕ್ಷಣ ಬಿಟ್ರೆ ಕಹಿ," ಎಂದರು. ಕ್ಯಾರೆಟ್ಟಿನ ಸಿಹಿ ಅಡಗಿಸಲು ನಿಂಬೆಹಣ್ಣು ಹಿಂಡಿಸಿದರು, ಕರಿಮೆಣಸು ಕುಟ್ಟಿಸಿದರು, ಕಾಮಕಸ್ತೂರಿಯ ನಾಲ್ಕು ಎಲೆ ಹರಿದು ಹಾಕಿಸಿದರು. ನಾನು ಸೌಟು ಬಿಟ್ಟು ಸೊಂಟ ಹಿಡಿದುಕೊಂಡರೆ, ಕುಳಿತಲ್ಲಿಂದಲೇ ಕಿವಿಗೊಟ್ಟು, "ಎಡಗಡೇದು ಗುಳುಗುಳು ಅಂತಿದೆ, ತಳ ಹಿಡಿಯುತ್ತೆ, ಉರಿ ಸಣ್ಣ ಮಾಡಿ," ಎನ್ನುತ್ತಿದ್ದರು.

"ಕಣ್ಣೇ ಸರಿಯಾಗಿ ಕಾಣೋದಿಲ್ವಲ್ಲ, ನಿಮಗೆ ಹೇಗೆ ಗೊತ್ತಾಗುತ್ತೆ?" ಎಂದು ತಡೆಯಲಾರದೆ ಕೇಳಿದೆ.

"ಆಪರೇಷನ್ ಆಗಿರೋದು ಕಣ್ಣಿಗೆ. ನಾಲಿಗೆ ಹಾಗೇ ಇದೆ."

ಎರಡು ಗಂಟೆಗೆ ಊಟ ಮಾಡಿದೆವು. ಆಣೆ ಮಾಡಿ ಹೇಳುತ್ತೇನೆ, ಅಂಥ ಸಾಸನ್ನು ನಾನು ಯಾವ ಹೋಟೆಲಿನಲ್ಲೂ ತಿಂದಿಲ್ಲ. ಹೆಂಡತಿ ಎರಡನೇ ಸಲ ಬಡಿಸಿಕೊಂಡಳು. ನಾನೂ ತಟ್ಟೆಯನ್ನು ಬೆರಳಿನಿಂದ ಬಳಿದೆ. ಅತ್ತೆ ಕೈ ಒರೆಸಿಕೊಂಡು, "ಅಳಿಯಂದಿರು ಹೇಳಿದ ಮಾತು ಕೇಳ್ತಾರೆ," ಎಂದರು. ನಾನು ಉಸಿರು ಬಿಗಿಹಿಡಿದು ಕಾದೆ. ಅವರು ನೀರು ಕುಡಿದರು. ಲೋಟ ಕೆಳಗಿಟ್ಟರು. "ಆದರೆ..." ಎಂದು ಎದ್ದು ಮಲಗಲು ಹೋದರು.

ನಮಗೆ ಒಂದಿಷ್ಟು ಎತ್ತಿಟ್ಟ ಮೇಲೂ ಉಳಿದ ಏಳು ಲೀಟರನ್ನು ಏನು ಮಾಡುವುದು? ನಮ್ಮ ಫ್ರಿಜ್ಜು ಚಿಕ್ಕದು. ಕಟ್ಟಡದಲ್ಲಿ ನಮ್ಮದು ಬಿಟ್ಟು ಏಳು ಮನೆಗಳಿದ್ದವು. ಹಂಚುವುದೆಂದು ತೀರ್ಮಾನವಾಯಿತು. ಕಾರ್ಖಾನೆಯಿಂದ ತಂದಿಟ್ಟಿದ್ದ ಒಂದು ಲೀಟರಿನ ಖಾಲಿ ಡಬ್ಬಿಗಳು ಅಟ್ಟದಲ್ಲಿದ್ದವು. ಹೊಚ್ಚ ಹೊಸವು, ಒಳಗೆ ಕನ್ನಡಿಯ ಹಾಗೆ ಹೊಳೆಯುತ್ತಿದ್ದವು.

"ಪೇಂಟ್ ಡಬ್ಬೀಲಿ ಯಾರಾದ್ರೂ ಊಟ ಕೊಡ್ತಾರೇನ್ರೀ?" ಎಂದಳು ಹೆಂಡತಿ.

"ಒಂದು ತೊಟ್ಟು ಪೇಂಟ್ ಕಂಡ ಡಬ್ಬಿಗಳಲ್ಲ ಕಣೇ. ಬೇಕಾದ್ರೆ ಕುದಿಯೋ ನೀರಲ್ಲಿ ತೊಳೀತೀನಿ."

ತೊಳೆದೆ, ಒರೆಸಿದೆ, ತುಂಬಿದೆ, ಮುಚ್ಚಳಗಳನ್ನು ಸುತ್ತಿಗೆಯಿಂದ ಹದವಾಗಿ ತಟ್ಟಿ ಕೂರಿಸಿದೆ. ಇಪ್ಪತ್ತೆರಡು ವರ್ಷದ ಕೈ ಸುಮ್ಮನಿರಲಿಲ್ಲ. ಒಂದೊಂದು ಮುಚ್ಚಳದ ಮೇಲೂ ಚೀಟಿ ಅಂಟಿಸಿ, ದುಂಡಗಿನ ಅಕ್ಷರದಲ್ಲಿ ಬರೆದೆ. ಸಂಜೆ ಮನೆಮನೆಗೂ ಕೊಟ್ಟು ಬಂದೆ. ನೆಲಮಹಡಿಯ ಮೇಷ್ಟ್ರ ಮನೆಗೆ ಮಾತ್ರ ಬೀಗ ಹಾಕಿತ್ತು. ಅವರು ನಿವೃತ್ತ ಭೂಗೋಳದ ಮೇಷ್ಟ್ರು. ಒಂಟಿ ಜೀವ, ವರ್ಷವಿಡೀ ನೆಗಡಿ. ಬಾಗಿಲ ಬಳಿ ಡಬ್ಬಿಯಿಟ್ಟು ಬಂದೆ.

ಸೋಮವಾರದಿಂದ ಪ್ರಶಂಸೆ ಶುರುವಾಯಿತು. ಮೇಲಿನ ಮನೆಯ ಹೊಲಿಗೆಯಾಕೆ ಡಬ್ಬಿ ತೊಳೆದು ಹಿಂದಿರುಗಿಸುತ್ತ, "ನಮ್ಮನೇಲಿ ಡಬ್ಬಿ ನೆಕ್ಕೋದೊಂದು ಬಾಕಿ," ಎಂದರು. ಎದುರುಮನೆಯ ನರ್ಸರಿ ಟೀಚರ್ ವಿಧಾನ ಬರೆದುಕೊಡಿ ಎಂದು ಪುಸ್ತಕವನ್ನೇ ತಂದರು. ನಾನು ‘ಅದೇನು ಮಹಾ’ ಎಂಬಂತೆ ಕೈ ಆಡಿಸುತ್ತಿದ್ದೆ. ಅತ್ತೆಯ ಹೆಸರನ್ನು ಎತ್ತಲಿಲ್ಲ. ಮನುಷ್ಯ ಬೇಗ ಮರೆಯುತ್ತಾನೆ.

ಗುರುವಾರ ಸಂಜೆ ಮೇಷ್ಟ್ರು ಬಂದರು. ನಾವು ಮೂವರೂ ಹಜಾರದಲ್ಲಿದ್ದೆವು. ಅವರು ಒಳಗೆ ಬಂದವರೇ ನನ್ನ ಎರಡೂ ಕೈ ಹಿಡಿದುಕೊಂಡರು.

"ನೀವು ಮರೆತಿರ್ತೀರಿ ಅಂದುಕೊಂಡಿದ್ದೆ. ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ."

"ಅಯ್ಯೋ, ಅಷ್ಟೆಲ್ಲ ಯಾಕೆ ಮೇಷ್ಟ್ರೇ. ಹೇಗಿತ್ತು?"

"ಬಣ್ಣ ಬಹಳ ಚೆನ್ನಾಗಿದೆ. ಇಂಥ ಕೆಂಪು ನಾನು ಕಂಡಿಲ್ಲ."

ನಾನು ಹೆಂಡತಿಯ ಕಡೆಗೆ ಒಮ್ಮೆ ವಿಜಯದ ನೋಟ ಬೀರಿದೆ. ಕೊನೆಗೂ ಬಣ್ಣ ನೋಡಿದವರೊಬ್ಬರು ಸಿಕ್ಕಿದ್ದರು.

"ಆದ್ರೆ ಒಂದೇ ಒಂದು ತಕರಾರು," ಎಂದರು ಮೇಷ್ಟ್ರು ಸಂಕೋಚದಿಂದ. "ತಪ್ಪು ತಿಳೀಬೇಡಿ. ಒಣಗ್ತಾನೇ ಇಲ್ಲ."

"ಏನು?"

"ಬೆಂಚು. ಹಿತ್ತಲ ಬಾಗಿಲ ಹೊರಗೆ ಇದೆಯಲ್ಲ, ಅದಕ್ಕೆ ಉಳಿದಿರೋ ಕೆಂಪು ಇದ್ರೆ ಕೊಡಿ ಅಂತ ಮೂರು ತಿಂಗಳ ಹಿಂದೆ ಕೇಳಿದ್ದೆನಲ್ಲ. ನೀವು ಚೀಟೀಲಿ ಬರೆದ ಹಾಗೇ ಮಾಡಿದೆ. ‘ಕೆಂಪು, ಹನ್ನೊಂದನೇ ಬ್ಯಾಚು, ಚೆನ್ನಾಗಿ ಕಲಕಿ ಬಳಸಿ.’ ಕಲಕಿದೆ. ಭಾನುವಾರ ರಾತ್ರಿ ಒಂದು ಕೋಟು, ಸೋಮವಾರ ಇನ್ನೊಂದು. ನಾಲ್ಕು ದಿನ ಆಯ್ತು, ಇನ್ನೂ ಅಂಟ್ತಿದೆ. ಇರುವೆ ಬೇರೆ ಸಾಲು ಹಿಡಿದಿದೆ. ಅಲ್ಲಲ್ಲಿ ಬೀಜದ ಥರ ಏನೋ ಸಿಕ್ತು, ಜರಡಿ ಹಿಡಿಯೋದು ಮರೆತಿದ್ದಾರೇನೋ ಅಂತ ಬೆರಳಲ್ಲೇ ತೆಗೆದೆ."

ಅತ್ತೆಯ ಕಪ್ಪು ಕನ್ನಡಕ ಕುಲುಕತೊಡಗಿತು. ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದಳು. ಅಲ್ಲಿ ಯಾವುದೋ ಪಾತ್ರೆ ಬಿತ್ತು.

"ಮೇಷ್ಟ್ರೇ," ಎಂದೆ, "ಅದು ತಿನ್ನೋದು."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬೆಳ್ಳುಳ್ಳಿಯ ವಾಸನೆ ಬರಲಿಲ್ಲವೇ ಎಂದು ಕೇಳಿದ್ದಕ್ಕೆ, ನೆಗಡಿಯ ಮೂಗನ್ನು ತೋರಿಸಿದರು.

ಬಕೆಟ್ಟು, ಸೋಪು, ಬ್ರಷ್ಷು ತೆಗೆದುಕೊಂಡು ಕೆಳಗಿಳಿದೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ನಾನು ಮಾಡಿದ್ದನ್ನು ಉಜ್ಜುತ್ತ ಕುಳಿತೆ. ಇರುವೆಗಳು ಬಹಳ ಬೇಸರದಿಂದ ಹೊರಟವು. ಬೆಂಚಿನ ಕಾಲುಗಳ ಸಂದಿಯಲ್ಲಿ ಸಾಸ್ ಗಟ್ಟಿಯಾಗಿ ಹಿಡಿದಿತ್ತು. ಮೇಷ್ಟ್ರು ಒಳಗಿನಿಂದ ಕುರ್ಚಿ ತಂದು ಎದುರಿಗೆ ಹಾಕಿಕೊಂಡು, ನಾನು ಉಜ್ಜುವುದನ್ನೇ ಬಹಳ ಹೊತ್ತು ನೋಡಿದರು. ಏನೋ ಹೇಳಬೇಕೆಂದಿದ್ದಾರೆ, ಆದರೆ ಸಂಕೋಚ ಎಂದು ಗೊತ್ತಾಗುತ್ತಿತ್ತು.

"ಹೇಳಿ ಮೇಷ್ಟ್ರೇ, ಪರವಾಗಿಲ್ಲ," ಎಂದೆ.

"ಏನಿಲ್ಲ," ಎಂದು ಮೂಗು ಒರೆಸಿಕೊಂಡರು. "ಮುಂದಿನ ಸಲ ಅಡುಗೆ ಮಾಡುವಾಗ ಸ್ವಲ್ಪ ಹಸಿರು ಮಾಡ್ತೀರಾ? ಕಿಟಕಿ ಒಂದು ಬಾಕಿ ಇದೆ."